ಸುತ್ತಿಗೆಯ ಏಟಿಗೆ ಕಳಚುವ ಚಕ್ರ

ಇಂಗ್ಲಿಷಿನ ‘ನಾಕ್ ಆಫ್’ ಎಂಬ ಮಾತಿಗೆ ಈಗ ಪೇಟೆಯಲ್ಲಿ ಚಾಲ್ತಿಯಲ್ಲಿರುವ ಅರ್ಥ ನಕಲಿ ಮಾಲು ಎಂದು. ನಕಲಿ ಗಡಿಯಾರ, ನಕಲಿ ಬೂಟು, ನಕಲಿ ಕೈಚೀಲ ಎಲ್ಲವೂ ನಾಕ್ ಆಫ್‌ಗಳೇ. ಆದರೆ ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರಪಂಚದಲ್ಲಿ ಈ ಮಾತಿಗೆ ಅದರ ಅಕ್ಷರಶಃ ಅರ್ಥವೇ ಉಳಿದುಕೊಂಡಿದೆ: ಹೊಡೆದು ಬಿಚ್ಚುವುದು. ಎಂ.ಜಿ., ಜಾಗ್ವಾರ್, ಆಸ್ಟಿನ್ ಹೀಲಿ, ಆಸ್ಟನ್ ಮಾರ್ಟಿನ್, ಫೆರಾರಿ ಮುಂತಾದ ಕಾರುಗಳ ಹಳೆಯ ಚಿತ್ರಗಳನ್ನು ನೋಡಿದವರಿಗೆ ನೆನಪಿರಬಹುದು. ಚಕ್ರದ ತುಂಬ ಸೈಕಲ್ಲಿನಂತೆ ತಂತಿಯ ಕಡ್ಡಿಗಳು. ನಟ್ಟನಡುವೆ ಎರಡೋ ಮೂರೋ ಕಿವಿಗಳಿರುವ, ಬೆಳ್ಳಿಯಂತೆ ಹೊಳೆಯುವ ಒಂದು ದೊಡ್ಡ ನಟ್ಟು. ಅದೇ ನಾಕ್ ಆಫ್. ಕಾರು ಓಡುವಾಗ ಈ ಕಿವಿಗಳು ಗಿರಗಿರನೆ ತಿರುಗುವುದರಿಂದ ಸ್ಪಿನ್ನರ್ ಎಂಬ ಹೆಸರೂ ಬಂತು.

ಮಾಮೂಲಿ ಕಾರಿನ ಚಕ್ರವನ್ನು ನಾಲ್ಕೋ ಐದೋ ನಟ್ಟುಗಳು ಹಿಡಿದಿರುತ್ತವೆ. ಒಂದು ಸಡಿಲವಾದರೂ ಉಳಿದವು ಕಾಯುತ್ತವೆ. ಇಲ್ಲಿ ಇಡೀ ಚಕ್ರಕ್ಕೆ ಇರುವುದು ಒಂದೇ ನಟ್ಟು. ಅದು ಯಾವ ಕಡೆಗೆ ತಿರುಗಿದರೆ ಬಿಗಿಯುತ್ತದೆ, ಯಾವ ಕಡೆಗೆ ತಿರುಗಿದರೆ ಬಿಚ್ಚುತ್ತದೆ ಎಂಬುದು ತಪ್ಪಿದರೆ ಚಕ್ರ ಕಾರನ್ನು ಬಿಟ್ಟು ತಾನೇ ಮುಂದೆ ಓಡಬಹುದು. ಸೋಜಿಗವೆಂದರೆ, ಈ ಪ್ರಶ್ನೆಗೆ ಸಾಮಾನ್ಯ ಬುದ್ಧಿ ಥಟ್ಟನೆ ಕೊಡುವ ಉತ್ತರವೇ ತಪ್ಪು. ಆ ಉತ್ತರ ಏಕೆ ತಪ್ಪು ಎಂದು ತಿಳಿದರೆ ಹಳೆಯ ಚಕ್ರದ ಗುಟ್ಟು ಅರ್ಧಕ್ಕಿಂತ ಹೆಚ್ಚು ತಿಳಿದಂತೆ.

ಮೊದಲು ಈ ನಟ್ಟು ಹುಟ್ಟಿದ ಕಾಲವನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರಿನ ಚಕ್ರವನ್ನು ಸುಲಭವಾಗಿ ಕಳಚುವಂತಿರಲಿಲ್ಲ. ಕುದುರೆ ಲಾಳದ ಮೊಳೆಗಳು ಚೆಲ್ಲಾಡಿದ ರಸ್ತೆಯಲ್ಲಿ ಪಂಕ್ಚರ್ ದಿನನಿತ್ಯದ ಮಾತು. ಪಂಕ್ಚರ್ ಆದರೆ ಚಕ್ರ ಗಾಡಿಯ ಮೇಲೇ ಇರುವಂತೆ ರಸ್ತೆ ಬದಿಯಲ್ಲಿ ಕುಳಿತು ಟೈರು ಬಿಚ್ಚಿ ತೇಪೆ ಹಾಕಬೇಕು. ಈ ಕಷ್ಟಕ್ಕೆ 1904ರಲ್ಲಿ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಪಟ್ಟಣದ ಡೇವಿಸ್ ಸೋದರರು ಒಂದು ಉಪಾಯ ಕಂಡುಹಿಡಿದರು. ಕಡ್ಡಿಗಳೇ ಇಲ್ಲದ ಒಂದು ಬರಿ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಸಿಕ್ಕಿಸಿಕೊಂಡು ಮನೆ ಸೇರಬಹುದು. ಅವರ ಕಾರ್ಯಾಗಾರ ಇದ್ದದ್ದು ಆ ಊರಿನ ಸ್ಟೆಪ್ನಿ ಬೀದಿಯಲ್ಲಿ. ನಮ್ಮ ಬಸ್ಸು, ಲಾರಿ, ಟ್ಯಾಕ್ಸಿಗಳ ಚಾಲಕರು ಇಂದಿಗೂ ‘ಸ್ಟೆಪ್ನಿ’ ಎನ್ನುವುದು ಆ ಬೀದಿಯ ಹೆಸರನ್ನೇ. ಆ ಸಾಧನ ಮರೆಯಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಇಲ್ಲಿ ಉಳಿದುಕೊಂಡಿತು.

ಸ್ಟೆಪ್ನಿಯ ಸಾಧನವನ್ನು ಮೂಲೆಗೆ ತಳ್ಳಿದ್ದು ಚಕ್ರವನ್ನೇ ಇಡಿಯಾಗಿ ಕಳಚುವ ವಿದ್ಯೆ. ಅದರಲ್ಲಿ ಹೆಸರು ಮಾಡಿದ್ದು ಇಂಗ್ಲೆಂಡಿನ ಕೊವೆಂಟ್ರಿಯ ರಡ್ಜ್ ವಿಟ್‌ವರ್ತ್ ಕಂಪನಿ. ಅದು ಮೂಲತಃ ಸೈಕಲ್ ಕಂಪನಿ. ಕಡ್ಡಿ ಬಿಗಿದು ಹಗುರವಾದ ಚಕ್ರ ಕಟ್ಟುವುದು ಆ ಕಾರ್ಖಾನೆಯವರ ಕೈಗೆ ಚೆನ್ನಾಗಿ ಕುದುರಿತ್ತು. ಕಂಪನಿಯ ಜಾನ್ ಪ್ಯೂ ರೂಪಿಸಿದ, ನಡುವೆ ಒಂದೇ ನಟ್ಟಿನಿಂದ ನಿಲ್ಲುವ ತಂತಿ ಚಕ್ರ 1908ರ ಹೊತ್ತಿಗೆ ರೇಸಿನ ಅಂಗಳಕ್ಕೆ ಬಂದಿತ್ತು. ಆ ವರ್ಷ ಡಿಯೆಪ್‌ನಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರಿ ಸ್ಪರ್ಧೆಗೆ ಬ್ರಿಟನ್ನಿನ ನೇಪಿಯರ್ ಕಾರುಗಳು ಇಂಥ ಚಕ್ರ ಹಾಕಿಕೊಂಡು ಬರಲು ಸಂಘಟಕರು ಒಪ್ಪಲಿಲ್ಲ. ನೇಪಿಯರ್ ಸ್ಪರ್ಧೆಗೇ ಬರಲಿಲ್ಲ. ಒಂದು ಚಕ್ರ ಬೇಗ ಕಳಚುತ್ತದೆ ಎಂಬುದೇ ಅನ್ಯಾಯ ಎನ್ನಿಸಿದ ಕಾಲ ಅದು! ಆದರೆ ಒಳ್ಳೆಯ ಉಪಾಯವನ್ನು ಬಹಳ ದಿನ ಬಾಗಿಲ ಹೊರಗೆ ನಿಲ್ಲಿಸಲು ಆಗುವುದಿಲ್ಲ. 1922ರಲ್ಲಿ ಇಟಲಿಯ ಕಾರ್ಲೊ ಬೊರಾನಿ ಇದೇ ರಡ್ಜ್ ಪರವಾನಗಿ ಪಡೆದು ಮಿಲಾನಿನಲ್ಲಿ ಚಕ್ರ ಮಾಡತೊಡಗಿದರು. ಮುಂದೆ ಫೆರಾರಿಗಳ ಕೆಳಗೆ ಉರುಳಿದ ತಂತಿ ಚಕ್ರಗಳು ಬೊರಾನಿಯವೇ.

ಎರಡನೆಯ ಮಹಾಯುದ್ಧದ ನಂತರ ಈ ಚಕ್ರ ಶೋಕಿಯ ಗುರುತೂ ಆಯಿತು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿಗೆ 19 ಇಂಚಿನ ಎತ್ತರದ ತಂತಿ ಚಕ್ರಗಳಿದ್ದವು. ಅದರ ಬೆನ್ನಿಗೆ ಬಂದ ಟಿ.ಡಿ. ಮಾದರಿಗೆ ಕಂಪನಿ ಸಾದಾ ಉಕ್ಕಿನ ಚಕ್ರ ಹಾಕಿದಾಗ ಅಭಿಮಾನಿಗಳು ಗೊಣಗಿದರು. 1953ರ ಟಿ.ಎಫ್. ಮಾದರಿಯಲ್ಲಿ, ಬೇಕೆಂದವರಿಗೆ ತಂತಿ ಚಕ್ರವನ್ನು ಮತ್ತೆ ಕೊಡಬೇಕಾಯಿತು. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿನ ಚೆಲುವಿನಲ್ಲಿ ಆ ಎರಡು ಕಿವಿಯ ನಟ್ಟಿಗೂ ಪಾಲಿದೆ.

ಈಗ ಚಕ್ರದ ಒಳಗೆ ಇಣುಕಬೇಕು. ಕಾರಿನ ಕಡೆ ಉಳಿಯುವ ಭಾಗಕ್ಕೆ ಹಬ್ಬು ಎನ್ನುತ್ತಾರೆ. ಅದರ ಮೈಮೇಲೆ ಸುತ್ತಲೂ ಉದ್ದುದ್ದ ಹಲ್ಲುಗಳಿವೆ. ಇವಕ್ಕೆ ಸ್ಪ್ಲೈನ್ ಎಂದು ಹೆಸರು. ಚಕ್ರದ ನಡುವಿನ ತೂತಿನಲ್ಲಿ ಅವಕ್ಕೆ ಹೊಂದುವ ಹಲ್ಲುಗಳಿವೆ. ಒಂದರೊಳಗೊಂದು ಕೂತಾಗ ಎಂಜಿನ್ನಿನ ತಿರುಗುಬಲವನ್ನೂ ಬ್ರೇಕಿನ ತಡೆಯನ್ನೂ ಹೊರುವುದು ಈ ಹಲ್ಲುಗಳು. ನಟ್ಟಿನ ಕೆಲಸ ಚಕ್ರ ಹೊರಗೆ ಜಾರದಂತೆ ಅದುಮಿ ಹಿಡಿಯುವುದು. ಹಾಗೆ ಅದುಮಿದಾಗ ಚಕ್ರ ನಟ್ಟನಡುವೆ ಕೂರಲೆಂದು ಒಳಗೊಂದು ಹೊರಗೊಂದು ಇಳಿಜಾರಾದ ಅಂಚುಗಳಿವೆ. ಹೊರಗಡೆ ನಟ್ಟಿನ ಒಳಮೈ ಆಲಿಕೆಯ ಬಾಯಿಯಂತೆ ಇದ್ದು, ಚಕ್ರದ ತುದಿ ಅದರೊಳಗೆ ಹೋಗಿ ಕೂರುತ್ತದೆ. ಎಂದರೆ ಚಕ್ರದ ಮೂತಿಗೆ ನಟ್ಟು ಟೋಪಿ ಹಾಕಿದಂತೆ. ಈ ಟೋಪಿಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಕಾರು ಮುಂದೆ ಹೋಗುವಾಗ ಎಡಗಡೆಯ ಚಕ್ರವನ್ನು ಹೊರಗೆ ನಿಂತು ನೋಡಿದರೆ ಅದು ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಹಾಗಾದರೆ ಎಡಗಡೆಯ ನಟ್ಟು ಬಿಚ್ಚುವ ದಿಕ್ಕು ಯಾವುದಿರಬೇಕು? ಚಕ್ರ ಸುತ್ತುವ ದಿಕ್ಕಿನಲ್ಲೇ ನಟ್ಟು ಬಿಚ್ಚುವಂತಿದ್ದರೆ ಓಡುತ್ತಾ ಓಡುತ್ತಾ ತಾನೇ ಬಿಚ್ಚಿಹೋಗುವುದಿಲ್ಲವೇ, ಆದ್ದರಿಂದ ಎದುರು ದಿಕ್ಕಿಗೆ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವ ಹಾಗಿಲ್ಲ. ರಡ್ಜ್ ಬಗೆಯ ಚಕ್ರದಲ್ಲಿ ನಟ್ಟು ಬಿಚ್ಚುವುದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿನಲ್ಲೇ. ಎಡಗಡೆಗೆ ಮಾಮೂಲಿ ಬಲಗೈ ಥ್ರೆಡ್, ಅಂದರೆ ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲ. ಬಲಗಡೆಗೆ ಉಲ್ಟಾ ಥ್ರೆಡ್.

ಇದಕ್ಕೆ ಕಾರಣ ತಿಳಿಯಲು ಒಂದು ಬಳೆ ಸಾಕು. ತೋರುಬೆರಳಿಗೆ ಸಡಿಲವಾದ ಬಳೆ ಹಾಕಿ ಬೆರಳನ್ನು ಗಾಳಿಯಲ್ಲಿ ಪ್ರದಕ್ಷಿಣೆಯಾಗಿ ಆಡಿಸಿದರೆ ಬಳೆಯೂ ಪ್ರದಕ್ಷಿಣೆಯಾಗಿಯೇ ಸುತ್ತುತ್ತದೆ. ಇಲ್ಲಿ ಬಳೆಯೇ ನಟ್ಟು, ಬೆರಳೇ ಚಕ್ರದ ಮೂತಿ. ಎಷ್ಟೇ ಬಿಗಿದರೂ ಇವೆರಡರ ನಡುವೆ ಕೂದಲೆಳೆಯಷ್ಟು ಆಟ ಉಳಿದಿರುತ್ತದೆ. ಕಾರಿನ ಭಾರಕ್ಕೆ ನೆಲ ಚಕ್ರವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಚಕ್ರದ ಮೂತಿ ನಟ್ಟಿನ ಒಂದು ಪಕ್ಕಕ್ಕೆ ಆನುತ್ತದೆ. ಈಗ ಹಬ್ಬಿನ ಮೇಲೆ ಒಂದು ಇರುವೆ ಕುಳಿತಿದೆ ಎಂದುಕೊಳ್ಳಿ. ರೈಲಿನಲ್ಲಿ ಕುಳಿತವರಿಗೆ ಮರಗಳು ಹಿಂದಕ್ಕೆ ಓಡಿದಂತೆ, ಇರುವೆಯ ಕಣ್ಣಿಗೆ ಹಬ್ಬು ನಿಂತಲ್ಲೇ ಇದೆ, ಒತ್ತಡವೇ ಸುತ್ತ ತಿರುಗುತ್ತಿದೆ. ಅದೂ ಚಕ್ರದ ವಿರುದ್ಧ ದಿಕ್ಕಿನಲ್ಲಿ. ಎಡಗಡೆಯ ಚಕ್ರ ಅಪ್ರದಕ್ಷಿಣೆಯಾಗಿ ಸುತ್ತುವಾಗ ಒತ್ತಡ ಪ್ರದಕ್ಷಿಣೆಯಾಗಿ ಸುತ್ತುತ್ತದೆ. ಬೆರಳು ಬಳೆಯನ್ನು ಎಳೆದಂತೆ ಅದು ನಟ್ಟನ್ನು ಪ್ರದಕ್ಷಿಣೆಯಾಗಿ ಎಳೆಯುತ್ತದೆ. ಬಲಗೈ ಥ್ರೆಡ್ಡಿನ ನಟ್ಟಿಗೆ ಅದು ಬಿಗಿಯುವ ದಿಕ್ಕು. ಕಾರು ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ಎಡಗಡೆಯದನ್ನು ಬಲಕ್ಕೆ ಹಾಕಿದರೆ, ಓಡಿದಷ್ಟೂ ಬಿಚ್ಚಿಕೊಳ್ಳುತ್ತದೆ.

ಕಾರೇ ಇಲ್ಲದವರೂ ಸೈಕಲ್ ತುಳಿದಿರುತ್ತಾರೆ. ಸೈಕಲ್ಲಿನ ಎಡ ಪೆಡಲಿಗೆ ಉಲ್ಟಾ ಥ್ರೆಡ್ ಇರುವುದು ಸೈಕಲ್ ಶಾಪಿನ ಹುಡುಗರಿಗೆಲ್ಲ ಗೊತ್ತು. ಅಲ್ಲಿಯೂ ಕಾಲಿನ ಒತ್ತಡ ಸುತ್ತುತ್ತಾ ಪೆಡಲಿನ ಥ್ರೆಡ್ಡನ್ನು ನಿಧಾನವಾಗಿ ಒಂದು ಕಡೆಗೆ ಎಳೆಯುತ್ತದೆ.

ಒಂದು ಎಚ್ಚರಿಕೆ. ಕೆಲವು ಬಗೆಯ ಚಕ್ರಗಳಲ್ಲಿ ನಟ್ಟು ಟೋಪಿಯಂತೆ ಮೇಲೆ ಕೂರದೆ ಬಿರಡೆಯಂತೆ ಚಕ್ರದ ಒಳಗೆ ಹೋಗಿ ಕೂರುತ್ತದೆ. ಆಗ ಒತ್ತಡ ತಗಲುವುದು ಎದುರು ಪಕ್ಕಕ್ಕೆ. ಲೆಕ್ಕ ಪೂರ್ತಿ ತಿರುವುಮುರುವಾಗುತ್ತದೆ. ಆದ್ದರಿಂದ ಬಾಯಿಪಾಠದ ನಿಯಮವನ್ನು ನಂಬಿ ಸಿಕ್ಕ ಕಾರಿಗೆಲ್ಲ ಸುತ್ತಿಗೆ ಎತ್ತಬಾರದು. ನಟ್ಟಿನ ಮೇಲೆ ಏನು ಬರೆದಿದೆ ಎಂದು ಮೊದಲು ಓದಬೇಕು.

ಬ್ರಿಟಿಷ್ ಕಾರುಗಳ ನಟ್ಟುಗಳ ಮೇಲೆ ಬರವಣಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಿಚ್ಚು ಎಂಬ ಅರ್ಥದ ‘ಅನ್‌ಡೂ’ ಎಂಬ ಪದ, ಪಕ್ಕದಲ್ಲೊಂದು ಬಾಣ. ಜೊತೆಗೆ ‘ಲೆಫ್ಟ್, ನಿಯರ್ ಸೈಡ್’ ಅಥವಾ ‘ರೈಟ್, ಆಫ್ ಸೈಡ್’ ಎಂದು. ನಿಯರ್, ಆಫ್ ಎಂಬುವು ಕುದುರೆಯ ಕಾಲದ ಮಾತುಗಳು. ಸವಾರ ಹತ್ತುವ ಎಡ ಮಗ್ಗುಲು ನಿಯರ್, ಬಲ ಮಗ್ಗುಲು ಆಫ್. ಎಡಬಲಗಳನ್ನು ಲೆಕ್ಕ ಹಾಕಬೇಕಾದದ್ದು ಕಾರಿನೊಳಗೆ ಮುಂದೆ ಮುಖ ಮಾಡಿ ಕುಳಿತವರ ಎಡಬಲವಾಗಿಯೇ ಹೊರತು ಬಾನೆಟ್ಟಿನ ಎದುರು ನಿಂತವರದ್ದಲ್ಲ. ಡ್ರೈವರ್ ಬದಿ ಎಂಬ ಮಾತನ್ನಂತೂ ಈ ಕೆಲಸದಲ್ಲಿ ಬಳಸಲೇಬಾರದು. ಈ ಕಾರುಗಳಲ್ಲಿ ಎಷ್ಟೋ ಅಮೆರಿಕಕ್ಕೆ ಹೋದವು; ಅಲ್ಲಿ ಸ್ಟಿಯರಿಂಗ್ ಎಡಗಡೆ, ಬ್ರಿಟನ್ನಿನಲ್ಲೂ ನಮ್ಮಲ್ಲೂ ಬಲಗಡೆ.

ಬಾಣವೊಂದೇ ಸಾಲದು. ನಟ್ಟು ತಪ್ಪಾಗಿದ್ದರೆ ಹಬ್ಬಿಗೆ ಹತ್ತುವುದೇ ಇಲ್ಲ ಎಂಬುದು ನಿಜ. ಆದರೆ ಹಿಂದೆ ಯಾರೋ ರಿಪೇರಿಗೆಂದು ಹಬ್ಬುಗಳನ್ನೇ ಬಿಚ್ಚಿ ಎಡದ್ದನ್ನು ಬಲಕ್ಕೆ ಹಾಕಿದ್ದರೆ? ಆಗ ನಟ್ಟಿಗೂ ಹಬ್ಬಿಗೂ ಹೊಂದಾಣಿಕೆ ಇರುತ್ತದೆ, ಬಾಣವೂ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಅವು ಕೂತಿರುವ ಪಕ್ಕ. ಹಳೆಯ ಕಾರು ಕೊಳ್ಳುವವರು ನಾಲ್ಕೂ ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಬೇಕಾದದ್ದು ಇದನ್ನು. ರಡ್ಜ್ ಬಗೆಯ ಚಕ್ರವಾದರೆ, ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆ ಸುತ್ತುತ್ತದೋ ಬಿಚ್ಚುವ ಬಾಣವೂ ಅದೇ ಕಡೆ ತೋರಿಸುತ್ತಿರಬೇಕು. ಒಂದೇ ಒಂದು ಚಕ್ರದಲ್ಲಿ ಬಾಣ ಹಿಮ್ಮುಖವಾಗಿದ್ದರೂ ಆ ಕಾರನ್ನು ಓಡಿಸಿ ನೋಡುವ ಆಸೆ ಬಿಡುವುದು ಮೇಲು.

ಅಳತೆಯದೂ ಒಂದು ತಂಟೆ. ಸಣ್ಣ ಎಂ.ಜಿ. ಕಾರುಗಳ ಹಬ್ಬು 42 ಮಿಲಿಮೀಟರ್ ಎಂದು ಕರೆಯುವ ಅಳತೆಯದು, ಜಾಗ್ವಾರ್ ಇ-ಟೈಪಿನದು 52. ಇವು ಬೆರೆಯುವುದಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಮೋಸ ಮಾಡುವುದು ಥ್ರೆಡ್. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನಲ್ಲಿ ಮೊದಮೊದಲು ಇಂಚಿಗೆ 12 ಥ್ರೆಡ್ ಇದ್ದವು, ನಂತರ 8 ಆದವು. ನಟ್ಟುಗಳು ನೋಡಲು ಅವಳಿ ಜವಳಿ. ಹಳೆಯ ನಟ್ಟನ್ನು ಹೊಸ ಹಬ್ಬಿಗೆ ಹಾಕಿದರೆ ಒಂದೆರಡು ಸುತ್ತು ಹತ್ತಿ ಬಿಗಿದಂತೆ ನಟಿಸುತ್ತದೆ. ಅದು ಬಿಗಿಯಲ್ಲ, ಥ್ರೆಡ್ ಕೆಡುತ್ತಿರುವ ಸೂಚನೆ. ಮೊದಲ ಕೆಲವು ಸುತ್ತು ಬರಿ ಬೆರಳಿನಿಂದ ಸಲೀಸಾಗಿ ಹತ್ತಬೇಕು.

ಅಸಲಿಯ ನಕಲಿಯೂ ಇದೆ. ಕಿವಿಯ ನಟ್ಟು ರೇಸಿನ ಗತ್ತಿನ ಗುರುತಾದಾಗ ಅಮೆರಿಕದ ಕಂಪನಿಗಳು ಸಾದಾ ಚಕ್ರಗಳ ಮೇಲೆ ಕಿವಿಯಿರುವ ತಗಡಿನ ವೀಲ್ ಕಪ್ ಮುಚ್ಚಿ ಮಾರಿದವು. 1960ರ ದಶಕದ ಫೋರ್ಡ್ ಮಸ್ಟಾಂಗ್‌ಗೆ ಇಂಥ ಕಪ್ ಸಿಗುತ್ತಿತ್ತು. ಷೆವರ್ಲೆ ಕಾರ್ವೆಟ್ಟಿನ ಕಥೆ ಇನ್ನೂ ಗೋಜಲು. 1963ರಿಂದ 1966ರವರೆಗೆ ಅದರ ಬೆಲೆಪಟ್ಟಿಯಲ್ಲಿ ನಿಜವಾದ ನಾಕ್ ಆಫ್ ಅಲ್ಯೂಮಿನಿಯಂ ಚಕ್ರಗಳೂ ಇದ್ದವು, ಕಿವಿ ಅಂಟಿಸಿಕೊಂಡ ಸಾದಾ ಕಪ್‌ಗಳೂ ಇದ್ದವು. ತಗಡಿನ ಕಪ್ ಆದರೆ ಅದರ ಅಂಚಿಗೆ ಪಟ್ಟಿ ಸಿಕ್ಕಿಸಿ ಮೀಟಿದರೆ ಕಳಚಿ ಬರುತ್ತದೆ, ಒಳಗೆ ಐದು ನಟ್ಟುಗಳು ಕಾಣುತ್ತವೆ. ಅಸಲಿ ಎಂದುಕೊಂಡು ಅದಕ್ಕೆ ಸುತ್ತಿಗೆ ಬೀಸಿದರೆ ಕಿವಿ ಮುರಿದು ಕೈಗೆ ಬರುತ್ತದೆ.

ಈ ಕಿವಿಗಳಿಗೆ ಕಾನೂನಿನಿಂದಲೂ ಏಟು ಬಿತ್ತು. ಚಕ್ರದ ನಡುವಿನಿಂದ ಹೊರಚಾಚಿ ತಿರುಗುವ ಲೋಹದ ರೆಕ್ಕೆ ಪಾದಚಾರಿಗಳಿಗೆ ಅಪಾಯ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. 1964ರ ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ಆಸ್ಟನ್ ಮಾರ್ಟಿನ್ ಡಿ.ಬಿ.5 ಕಾರಿನ ಚಕ್ರದ ನಡುವಿನಿಂದ ಗರಗಸದಂಥ ಆಯುಧ ಹೊರಬಂದು ಪಕ್ಕದ ಮಸ್ಟಾಂಗ್ ಕಾರಿನ ಟೈರು ಸೀಳುವುದನ್ನು ಕಂಡು ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದರು. ಅಮೆರಿಕದ ಅಧಿಕಾರಿಗಳು ಇದನ್ನು ತಮಾಷೆಯಾಗಿ ನೋಡಲಿಲ್ಲ. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂತು. 1968ರ ಜನವರಿ 1ರಿಂದ ಜಾರಿಯಾದ ನಿಯಮಗಳಲ್ಲಿ 211ನೆಯದು ಚಕ್ರದ ನಟ್ಟಿಗೂ ವೀಲ್ ಕಪ್ಪಿಗೂ ರೆಕ್ಕೆಯಂಥ ಚಾಚು ಇರಕೂಡದು ಎಂದಿತು. ಕಾರ್ವೆಟ್ 1967ರಲ್ಲೇ ಬೋಲ್ಟಿನ ಚಕ್ರಕ್ಕೆ ಬದಲಾಯಿತು. ಅಮೆರಿಕಕ್ಕೆ ಹೋಗುವ ಎಂ.ಜಿ., ಜಾಗ್ವಾರ್‌ಗಳಿಗೆ ಕಿವಿ ಇಲ್ಲದ ನಟ್ಟುಗಳು ಬಂದವು, ಎಂ.ಜಿ.ಯದು ಎಂಟು ಮೂಲೆಯದು. ಆ 211ನೆಯ ನಿಯಮ 1996ರಲ್ಲಿ ರದ್ದಾಯಿತು. ಸುತ್ತುವ ಚಕ್ರದ ಭಯ ನಮಗೂ ಹೊಸದಲ್ಲ. ಮೋಟಾರ್ ಸೈಕಲ್ಲಿನ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳಿದ್ದರಿಂದಲೇ ಇಲ್ಲಿನ ಗಾಡಿಗಳಿಗೆ ಸೀರೆ ಗಾರ್ಡ್ ಬಂದದ್ದು.

ಇನ್ನು ಬಿಚ್ಚುವ ಕೆಲಸ. ಕಬ್ಬಿಣದ ಸುತ್ತಿಗೆ ಮುಟ್ಟಬಾರದು. ಕಿವಿಯ ಕ್ರೋಮ್ ಎದ್ದುಬರುತ್ತದೆ, ಕಿವಿಯೇ ಸೀಳಲೂಬಹುದು. ಬೇಕಾದದ್ದು ನಟ್ಟಿಗಿಂತ ಮೆತ್ತಗಿನ ತಲೆಯ ಸುತ್ತಿಗೆ. ತಾಮ್ರ, ಸೀಸ, ಇಲ್ಲವೇ ಸುರುಳಿ ಸುತ್ತಿದ ಗಟ್ಟಿ ತೊಗಲು. ಇಂಗ್ಲೆಂಡಿನ ಥಾರ್ ಕಂಪನಿಯ ಒಂದು ಕಡೆ ತಾಮ್ರ, ಇನ್ನೊಂದು ಕಡೆ ತೊಗಲು ಇರುವ ಸುತ್ತಿಗೆ ಈ ಕೆಲಸಕ್ಕೆ ಹೆಸರುವಾಸಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎದುರು ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರ ಇನ್ನೂ ನೆಲದ ಮೇಲಿರುವಾಗ ಒಂದೆರಡು ಏಟಿಗೆ ನಟ್ಟಿನ ಹಟ ಮುರಿಯುವುದು ವಾಡಿಕೆ. ಜಾಕ್ ಮೇಲೆ ನಿಂತ ಕಾರನ್ನು ಜೋರಾಗಿ ಹೊಡೆದು ಅಲುಗಾಡಿಸುವುದು ಕ್ಷೇಮವಲ್ಲ. ಏಟು ಬೀಳಬೇಕಾದದ್ದು ಕಿವಿಯ ತುದಿಯ ಹತ್ತಿರ. ಬುಡಕ್ಕೆ ಹೊಡೆದರೆ ಶ್ರಮ ವ್ಯರ್ಥ. ನಾಲ್ಕಾರು ಏಟಿಗೂ ಜಪ್ಪೆನ್ನದಿದ್ದರೆ ಇನ್ನೂ ದೊಡ್ಡ ಸುತ್ತಿಗೆ ಹುಡುಕುವ ಮೊದಲು ಬಾಣವನ್ನು ಇನ್ನೊಮ್ಮೆ ನೋಡಬೇಕು. ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿಯುತ್ತಿರುವವರ ಸಂಖ್ಯೆ ಕಡಿಮೆಯಲ್ಲ. ದಿಕ್ಕು ಸರಿಯಿದ್ದೂ ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ಒಳ್ಳೆಯದು. ಎಂಟು ಮೂಲೆಯ ನಟ್ಟಿಗೆ ಅದರದೇ ಸ್ಪ್ಯಾನರ್ ಇದೆ. ಎಂಟು ಮೂಲೆಯ ತೂತು ಕೊರೆದ ದಪ್ಪ ಮರದ ಹಲಗೆಯನ್ನು ನಟ್ಟಿಗೆ ಕೂರಿಸಿ, ಹಲಗೆಯ ತುದಿಗೆ ಹೊಡೆಯುವವರೂ ಇದ್ದಾರೆ. ಆಗ ಯಾವ ಸುತ್ತಿಗೆಯಾದರೂ ನಡೆಯುತ್ತದೆ, ಏಟು ತಿನ್ನುವುದು ಮರ.

ಚಕ್ರ ಕೈಗೆ ಬಂದ ಮೇಲೆ ನೋಡಲೇಬೇಕಾದದ್ದು ಆ ಹಲ್ಲುಗಳನ್ನು. ಚೆನ್ನಾಗಿರುವ ಹಲ್ಲಿನ ತಲೆ ಚಪ್ಪಟೆಯಾಗಿರುತ್ತದೆ. ಸವೆದ ಹಲ್ಲು ಗರಗಸದ ಹಲ್ಲಿನಂತೆ ಚೂಪಾಗಿ ಒಂದು ಕಡೆಗೆ ವಾಲಿರುತ್ತದೆ. ಕಾರು ಹೊರಡುವಾಗ ಒಮ್ಮೆ, ಬ್ರೇಕ್ ಹಾಕುವಾಗ ಒಮ್ಮೆ ಚಕ್ರದಿಂದ ಟಕ್ ಎಂದು ಸದ್ದು ಬರುತ್ತಿದ್ದರೆ ಸವೆತ ಶುರುವಾಗಿದೆ ಎಂದೇ ತಿಳಿಯಬೇಕು. ಇದು ಬರೀ ಸದ್ದಿನ ಮಾತಲ್ಲ. ಬ್ರೇಕಿನ ಡ್ರಮ್ಮು ಅಥವಾ ಡಿಸ್ಕು ಇರುವುದು ಹಬ್ಬಿಗೆ. ಚಕ್ರಕ್ಕೂ ಹಬ್ಬಿಗೂ ನಂಟು ಇರುವುದು ಆ ಹಲ್ಲುಗಳಿಂದ. ಹಲ್ಲು ಪೂರ್ತಿ ಸವೆದುಹೋದರೆ ಬ್ರೇಕ್ ಒತ್ತಿದಾಗ ಹಬ್ಬು ನಿಲ್ಲುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹೊಸದರ ಹಲ್ಲನ್ನೂ ಅದು ಬೇಗ ತಿಂದುಹಾಕುತ್ತದೆ. ಎರಡನ್ನೂ ಬದಲಿಸುವುದೇ ದಾರಿ.

ಮತ್ತೆ ಕೂರಿಸುವ ಮೊದಲು ಹಲ್ಲುಗಳ ಹಳೆಯ ಜಿಡ್ಡು ಒರೆಸಿ ಹೊಸ ಗ್ರೀಸ್ ಸವರಬೇಕು. ಕೊನೆಯ ಬಿಗಿತ ಚಕ್ರ ನೆಲ ಬಿಟ್ಟು ಎತ್ತರದಲ್ಲಿರುವಾಗಲೇ ಆಗಬೇಕು. ಕಾರಿನ ಭಾರ ಮೇಲಿದ್ದರೆ ಇಳಿಜಾರಿನ ಅಂಚುಗಳು ನಟ್ಟನಡುವೆ ಕೂರುವುದಿಲ್ಲ. ಮುಂಚಕ್ರ ತಿರುಗದಿರಲು ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿ ಹಿಡಿಯಬೇಕು, ಹ್ಯಾಂಡ್ ಬ್ರೇಕ್ ಅದನ್ನು ಹಿಡಿಯುವುದಿಲ್ಲ. ಭಯಕ್ಕೆ ಬಿದ್ದು ಮೈಯೆಲ್ಲ ಬಲ ಹಾಕಿ ಹೊಡೆಯುವುದೂ ಬೇಡ. ಓಡಿದಂತೆ ನಟ್ಟು ತಾನೇ ಇನ್ನಷ್ಟು ಬಿಗಿಯುವುದರಿಂದ ಮುಂದಿನ ಪಂಕ್ಚರಿಗೆ ರಸ್ತೆ ಬದಿಯಲ್ಲಿ ಅದನ್ನು ಅಲ್ಲಾಡಿಸಲು ಆಗದಿರಬಹುದು. ಏಟಿನ ಸದ್ದು ಮೊದಲು ಮೆತ್ತಗಿದ್ದು, ನಟ್ಟು ಕೂತ ಮೇಲೆ ಗಟ್ಟಿಯಾಗಿ ಕೇಳಿಸುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಜಾಕ್ ಕೊಟ್ಟು, ನಾಲ್ಕೂ ಚಕ್ರಗಳ ಕಿವಿಗೆ ಒಂದೊಂದು ಏಟು ಹಾಕಿ ನೋಡಬೇಕು.